ಹುಬ್ಬಿನ ಗಂಟು

ಭರತನ ನಾಟ್ಯಶಾಸ್ತ್ರದಲ್ಲಿ ಹುಬ್ಬುಗಳಿಗೆ ಏಳು ಬಗೆಯ ಚಲನೆಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಭ್ರುಕುಟಿಯೂ ಒಂದು. ಕ್ರೋಧದ ಅಭಿನಯಕ್ಕೆ ಅದು ವಿಹಿತವಾದುದು. ಆದರೆ ಲೋಕದಲ್ಲಿ ಹುಬ್ಬು ಗಂಟಿಕ್ಕುವುದು ಕೋಪದಿಂದ ಮಾತ್ರವಲ್ಲ. ಕಠಿನವಾದ ಲೆಕ್ಕದ ಮುಂದೆ ಕುಳಿತ ಬಾಲಕನೂ, ಮಾಸಿಹೋದ ಓಲೆಗರಿಯ ಅಕ್ಷರವನ್ನು ಬಿಡಿಸುವ ವಿದ್ವಾಂಸನೂ, ಕಣ್ಣು ಕಿರಿದುಮಾಡಿ ಮುಗಿಲು ನೋಡುವ ಒಕ್ಕಲಿಗನೂ ಹುಬ್ಬು ಕೂಡಿಸುತ್ತಾರೆ. ಚಿಂತನೆಯ ಓಟಕ್ಕೆ ತೊಡಕು ಒದಗಿದಾಗ ಹುಬ್ಬು ಗಂಟಾಗುತ್ತದೆಂಬುದನ್ನು ಚಾರ್ಲ್ಸ್ ಡಾರ್ವಿನ್ನನೂ ೧೮೭೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಗುರುತಿಸಿದ್ದಾನೆ.

ವರ್ಷಾನುಗಟ್ಟಲೆ ಹೀಗೆ ಸೆಳೆತಕ್ಕೊಳಗಾದ ಚರ್ಮವು ವಯಸ್ಸಿನೊಡನೆ ಬಿಗಿ ಕಳೆದುಕೊಂಡು, ಎರಡು ಹುಬ್ಬುಗಳ ನಡುವೆ ನಿಲುಗೆರೆಗಳನ್ನು ಸ್ಥಿರವಾಗಿ ಉಳಿಸಿಕೊಳ್ಳುತ್ತದೆ. ಇವುಗಳನ್ನು ತಗ್ಗಿಸಲು ಶಸ್ತ್ರವೈದ್ಯರು ಕೂದಲ ಮರೆಯಲ್ಲಿ ಅಥವಾ ಕಣ್ಣುರೆಪ್ಪೆಯ ಮಡಿಕೆಯಲ್ಲಿ ಸೀಳಿ, ಹುಬ್ಬನ್ನು ಸೆಳೆಯುವ ಸ್ನಾಯುವಿನ ಭಾಗವನ್ನೇ ಕತ್ತರಿಸಿ ತೆಗೆಯುವುದುಂಟು. ಇಂದು ಹೆಚ್ಚು ರೂಢಿಯಲ್ಲಿರುವುದಾದರೋ ಬೊಟುಲಿನಮ್ ವಿಷದ ಸೂಜಿಮದ್ದು. ಕೆಟ್ಟ ಆಹಾರದಲ್ಲಿ ಹುಟ್ಟಿ ಪ್ರಾಣವನ್ನೇ ತೆಗೆಯಬಲ್ಲ ವಿಷವು ಅತ್ಯಲ್ಪ ಪ್ರಮಾಣದಲ್ಲಿ ಔಷಧವಾದ ವೃತ್ತಾಂತ ಸ್ವಾರಸ್ಯವಾದುದು. ಕೆನಡಾದ ವ್ಯಾಂಕೂವರಿನ ನೇತ್ರವೈದ್ಯೆ ಜೀನ್ ಕರದರ್ಸ್ ಅವರು ರೆಪ್ಪೆಯ ಸೆಡೆತಕ್ಕೆ ಇದನ್ನು ಕೊಡುತ್ತಿದ್ದಾಗ, ೧೯೮೭ರಲ್ಲಿ, ರೋಗಿಯೊಬ್ಬಳ ಹುಬ್ಬಿನ ನಡುವಣ ಗೆರೆ ಅಳಿದುದು ಕಂಡುಬಂತು. ಚರ್ಮವೈದ್ಯರಾದ ಪತಿ ಅಲಸ್ಟೇರ್ ಅವರೊಡನೆ ಕೂಡಿ ಆಕೆ ೧೯೯೨ರಲ್ಲಿ ಈ ವಿಷಯವನ್ನು ಪ್ರಕಟಿಸಿದರು. ೨೦೦೨ರಲ್ಲಿ ಅಮೆರಿಕದ ಸರಕಾರಿ ಸಂಸ್ಥೆಯ ಸಮ್ಮತಿಯೂ ದೊರೆಯಿತು. ಫಲವಿರುವುದು ಮೂರು ನಾಲ್ಕು ತಿಂಗಳು. ಬಳಿಕ ಮತ್ತೆ ಸೂಜಿ, ಮತ್ತೆ ಹಣ. ಕೆಲವರಿಗೆ ಕೆಲವು ವಾರ ರೆಪ್ಪೆ ಜೋಲುವುದೂ ಉಂಟು.

ಇದೆಲ್ಲ ಬರಿಯ ಶೋಕಿಯೆಂದು ಜರೆಯುವುದು ಸುಲಭ, ಅದು ನ್ಯಾಯವಲ್ಲ. ಮನಸ್ಸು ತಿಳಿಯಾಗಿದ್ದರೂ ಮುಖ ಸದಾ ಸಿಡುಕಿನಂತೆ ತೋರುವವರಿದ್ದಾರೆ. "ಏಕೆ ಸಿಟ್ಟು?" ಎಂಬ ಪ್ರಶ್ನೆಗೆ ದಿನವೂ ಉತ್ತರ ಕೊಟ್ಟು ಬೇಸತ್ತವನು ವೈದ್ಯನ ಬಳಿಗೆ ಹೋದರೆ ನಗುವುದು ನಿರ್ದಯತೆ. ಹರಿದ ಮೂಗನ್ನು ಮರಳಿ ಕಟ್ಟುವ ಕ್ರಮವನ್ನು ಸುಶ್ರುತನೇ ಹೇಳಿರುವ ನಾಡಿನಲ್ಲಿ ಮುಖಚಿಕಿತ್ಸೆಯು ಹೀನವೆನಿಸಬೇಕಾಗಿಲ್ಲ. ಹೆಂಗಸರನ್ನು ಇದಕ್ಕಾಗಿ ದೂರುವವರಂತೂ ಒಂದು ಮಾತನ್ನು ಯೋಚಿಸಬೇಕು. ಅದೇ ಗೆರೆ ಗಂಡಸಿನ ಹಣೆಯಲ್ಲಿದ್ದರೆ ಗಾಂಭೀರ್ಯ, ಹೆಂಗಸಿನ ಹಣೆಯಲ್ಲಿದ್ದರೆ ಮುಪ್ಪು! ಈ ನಿಘಂಟನ್ನು ಬರೆದವರು ವೈದ್ಯರಲ್ಲ.

ಒಪ್ಪಲಾಗದಿರುವುದು ಬೇರೊಂದು. ಇನ್ನೂ ಗೆರೆಯೇ ಮೂಡದ ತರುಣರು, ಮುಂದೆ ಮೂಡದಿರಲೆಂದು ಈಗಲೇ ಸ್ನಾಯುವನ್ನು ನಿಶ್ಚೇಷ್ಟಗೊಳಿಸಿಕೊಳ್ಳುವುದು. ಅಲ್ಲಿ ಅಳಿಯುವುದು ಗೆರೆಯಲ್ಲ, ಚಲನೆ. ಪಾಠ ಹೇಳಿದವರಿಗೆ ಆ ಚಲನೆಯ ಬೆಲೆ ತಿಳಿದಿದೆ. ಸಂಧಿಯನ್ನೋ ಸಮಾಸವನ್ನೋ ವಿವರಿಸುತ್ತಿರುವಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೈಯೆತ್ತುವುದಿಲ್ಲ, ಬಾಯಿ ಬಿಡುವುದಿಲ್ಲ. ಹುಬ್ಬುಗಳು ಮಾತ್ರ ಒಂದಿಷ್ಟು ಹತ್ತಿರ ಬರುತ್ತವೆ. ಉಪಾಧ್ಯಾಯರು ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿ, ಕರಿಹಲಗೆಯನ್ನು ಒರೆಸಿ, ಮೊದಲಿನಿಂದ ಹೇಳತೊಡಗುತ್ತಾರೆ.