ಓದಿ ತಿಳಿಯುವ ಪರೀಕ್ಷೆ

ಪರೀಕ್ಷೆಯೆಂಬುದು ಎಳೆಯರಿಗೆ ಮಾತ್ರ ಸಂಬಂಧಪಟ್ಟದ್ದು, ಸಂಸಾರಸ್ಥರು ಅದರ ಭಯದಿಂದ ಮುಕ್ತರು ಎಂದು ಭಾವಿಸಿದ್ದ ಕಾಲವು ಕಳೆದುಹೋಯಿತು. ಮೂವತ್ತೈದು ನಲವತ್ತು ವರ್ಷ ವಯಸ್ಸಿನ ಗೃಹಸ್ಥರೂ ಗೃಹಿಣಿಯರೂ ದಿನದ ದುಡಿಮೆಯನ್ನು ಮುಗಿಸಿ, ಮಕ್ಕಳನ್ನು ಮಲಗಿಸಿ, ಇಂಗ್ಲಿಷ್ ಗದ್ಯಭಾಗಗಳನ್ನು ಮುಂದಿಟ್ಟುಕೊಂಡು ನಡುರಾತ್ರಿಯವರೆಗೆ ಕುಳಿತಿರುವುದನ್ನು ಇಂದು ನಮ್ಮ ಸಣ್ಣ ಊರುಗಳಲ್ಲಿಯೂ ಕಾಣಬಹುದು. ಇವರಲ್ಲಿ ದಾದಿಯರು ಅನೇಕರು.

ಕಳೆದ ತಿಂಗಳು ಇಂಥವರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಳಿಕ ಶುಶ್ರೂಷಾ ಶಿಕ್ಷಣವನ್ನು ಪಡೆದು, ಹದಿನಾಲ್ಕು ವರ್ಷ ಆಸ್ಪತ್ರೆಗಳಲ್ಲಿ ದುಡಿದವರು. ಬ್ರಿಟನ್ನಿಗೆ ಹೋಗಬೇಕೆಂಬುದು ಅವರ ಅಪೇಕ್ಷೆ. ಅಲ್ಲಿಯ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್ ಎಂಬ ಮಂಡಲಿಯು ಪರದೇಶದ ದಾದಿಯರಿಂದ ಇಂಗ್ಲಿಷ್ ಜ್ಞಾನದ ಪ್ರಮಾಣವನ್ನು ಕೇಳುತ್ತದೆ. ಐ.ಇ.ಎಲ್.ಟಿ.ಎಸ್. ಪರೀಕ್ಷೆಯ ಮೂಲಕ ಹೋಗುವವರು ಕೇಳುವುದು, ಓದುವುದು, ಮಾತನಾಡುವುದು ಈ ಮೂರರಲ್ಲಿಯೂ 9ಕ್ಕೆ 7ನ್ನೂ, ಬರೆಯುವುದರಲ್ಲಿ 6.5ನ್ನೂ ಪಡೆಯತಕ್ಕದ್ದು. ಈ ತಾಯಿಯು ಎರಡು ಸಲ ಪರೀಕ್ಷೆಗೆ ಕುಳಿತು ಎರಡು ಸಲವೂ ಓದಿನಲ್ಲಿಯೇ ತಪ್ಪಿದರು. ಒಂದೊಂದು ಸಲಕ್ಕೂ ಹದಿನೈದು ಸಾವಿರ ರೂಪಾಯಿಗಳನ್ನು ಮೀರಿದ ಶುಲ್ಕ. ತರಬೇತಿಯ ಅಂಗಡಿಗೆ ತೆತ್ತದ್ದು ಬೇರೆ. “ಇಂಗ್ಲಿಷಿನಲ್ಲಿ ಮಾತನಾಡಬಲ್ಲೆ, ವೈದ್ಯರ ಕೈಬರಹವನ್ನು ಸಹ ಓದಬಲ್ಲೆ, ಆದರೆ ಈ ಮೂರು ಗದ್ಯಗಳು ನನ್ನನ್ನು ಕೆಡವುತ್ತವೆ” ಎಂದರು. ಅವರು ಬಂದದ್ದು ದೂರು ಹೇಳಲಿಕ್ಕಲ್ಲ. ನಮ್ಮಲ್ಲಿಗೆ ಬರುವ ಇಂಗ್ಲಿಷ್ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ರದ್ದಿಗೆ ಹಾಕುವ ಮುಂಚೆ ತಮಗೆ ಕೊಡಬಹುದೇ ಎಂದು ಕೇಳಲು ಬಂದಿದ್ದರು.

ಅವರಿಂದಲೇ ಅಭ್ಯಾಸದ ಪ್ರಶ್ನಪತ್ರಿಕೆಯೊಂದನ್ನು ತರಿಸಿ ನೋಡಿದೆವು. ಮೂರು ಗದ್ಯಭಾಗಗಳು, 40 ಪ್ರಶ್ನೆಗಳು, 60 ನಿಮಿಷಗಳು. ಅದರ ಮೇಲೆ ಒಂದು ನಿಮಿಷವೂ ದೊರೆಯದು. ಮೂರು ಗದ್ಯಗಳೂ ಸೇರಿ 2,150ರಿಂದ 2,750 ಪದಗಳಷ್ಟಿರುತ್ತವೆ. 7ರ ಮಟ್ಟವನ್ನು ಮುಟ್ಟಲು ಸುಮಾರು 30 ಉತ್ತರಗಳು ಸರಿಯಾಗಬೇಕು. ವಿಷಯವು ಯಾವುದಾದರೂ ಆಗಬಹುದು: ಇರುವೆಗಳ ಸಂಸಾರ, ಹಳೆಯ ಹಡಗುಗಳು, ಕಾಗದದ ಇತಿಹಾಸ. 1989ರಲ್ಲಿ ಈ ಪರೀಕ್ಷೆಯು ಈಗಿನ ಹೆಸರಿನಿಂದ ಆರಂಭವಾದಾಗ, ಜೀವಶಾಸ್ತ್ರ ವೈದ್ಯಶಾಸ್ತ್ರಗಳವರಿಗೆ ಬೇರೆಯೇ ಗದ್ಯಗಳಿದ್ದವು. 1995ರಲ್ಲಿ ಆ ವಿಭಾಗಗಳನ್ನು ತೆಗೆದು ಎಲ್ಲರಿಗೂ ಒಂದೇ ಪತ್ರಿಕೆಯನ್ನು ಮಾಡಿದರು. ವೈದ್ಯಕೀಯ ವೃತ್ತಿಯವರಿಗೆಂದೇ ಓ.ಇ.ಟಿ. ಎಂಬ ಇನ್ನೊಂದು ಪರೀಕ್ಷೆಯುಂಟು, ಅದನ್ನೂ ಆ ಮಂಡಲಿಯು ಒಪ್ಪುತ್ತದೆ. ಆದರೆ ಅಲ್ಲಿಯೂ ಓದಿಗೆ 60 ನಿಮಿಷಗಳೇ, ಪ್ರಶ್ನೆಗಳು 42. ಹಾದಿ ಬದಲಾಯಿಸಿದ ಮಾತ್ರಕ್ಕೆ ಬೆಟ್ಟವು ಕುಗ್ಗುವುದಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುವೆವು. ನಿಮಿಷಕ್ಕೆ 90 ಪದಗಳಂತೆ ಓದುವವರಿಗೆ 2,700 ಪದಗಳನ್ನು ಒಂದು ಸಲ ಓದಲಿಕ್ಕೇ 30 ನಿಮಿಷಗಳು ಬೇಕು. ಉಳಿದ 30 ನಿಮಿಷಗಳಲ್ಲಿ 40 ಪ್ರಶ್ನೆಗಳು. ಒಂದಕ್ಕೆ 45 ಸೆಕೆಂಡು. ಅದರೊಳಗೆ ಪ್ರಶ್ನೆಯನ್ನು ಓದಬೇಕು, ಗದ್ಯದಲ್ಲಿ ಸ್ಥಳವನ್ನು ಹುಡುಕಬೇಕು, ಮತ್ತೆ ಓದಿ ತೂಗಬೇಕು, ಬರೆಯಬೇಕು. ಅದೇ ಮನುಷ್ಯನು ನಿಮಿಷಕ್ಕೆ 180 ಪದಗಳನ್ನು ಓದಬಲ್ಲವನಾದರೆ ಪ್ರಶ್ನೆಗಳಿಗೆ 45 ನಿಮಿಷಗಳು ಉಳಿಯುತ್ತವೆ. ಆದುದರಿಂದ ಸೋಲುವವರು ಬುದ್ಧಿಯಲ್ಲಿ ಕಡಿಮೆಯೆಂದಾಗಲಿ, ಶಬ್ದಸಂಪತ್ತಿನಲ್ಲಿ ಬಡವರೆಂದಾಗಲಿ ತಿಳಿಯುವುದು ತಪ್ಪು. ಅವರಿಗೆ ಓದುವ ರೂಢಿಯಿಲ್ಲ, ಅಷ್ಟೆ. ಆ ರೂಢಿಯನ್ನು ನಾವು ಅವರಿಗೆ ಮಾಡಿಸಲೇ ಇಲ್ಲ.

ನಮ್ಮ ಶಾಲೆಗಳಲ್ಲಿ ಇಂಗ್ಲಿಷನ್ನು ಹೇಗೆ ಕಲಿಸಿದರೆಂಬುದನ್ನು ಎಲ್ಲರೂ ಬಲ್ಲರು. ಪಾಠವನ್ನು ಮಾಸ್ತರರು ಪದಪದವಾಗಿ ಕನ್ನಡಿಸಿದರು. ಪ್ರಶ್ನೋತ್ತರಗಳನ್ನು ಗೈಡು ಪುಸ್ತಕದಿಂದ ಬರೆಯಿಸಿದರು. ಹುಡುಗರು ಅದನ್ನು ಉರುಹೊಡೆದರು. ಹತ್ತು ವರ್ಷಗಳಲ್ಲಿ ಒಂದು ಇಡೀ ಇಂಗ್ಲಿಷ್ ಪುಟವನ್ನು ಯಾರ ನೆರವೂ ಇಲ್ಲದೆ ಓದಿ ಮುಗಿಸದೆಯೇ ಇಂಗ್ಲಿಷಿನಲ್ಲಿ ತೇರ್ಗಡೆಯಾದವರು ನಮ್ಮಲ್ಲಿ ಕಡಿಮೆಯಿಲ್ಲ. ಆ ಪದಪದದ ರೂಢಿಯು ವಯಸ್ಕರನ್ನು ಇಂದಿಗೂ ಬಿಟ್ಟಿಲ್ಲ. ಅದು ಏಕೆ ನಿಧಾನವೆಂಬುದಕ್ಕೂ ಕಾರಣವಿದೆ. ಕನ್ನಡದಲ್ಲಿ ನಾವು “ನಿನ್ನೆ ಊರಿನಿಂದ ಬಂದ ವೈದ್ಯರು” ಎನ್ನುತ್ತೇವೆ. ವಿಶೇಷಣವೆಲ್ಲ ಮುಂದೆ, ಹೆಸರು ಹಿಂದೆ, ಕ್ರಿಯೆಯು ಕಟ್ಟಕಡೆಗೆ. ಇಂಗ್ಲಿಷಿನವನು ಮೊದಲು ವೈದ್ಯರನ್ನು ನಿಲ್ಲಿಸಿ, ಬಳಿಕ ಅವರು ಎಲ್ಲಿಂದ ಎಂದು ಬಂದರೆಂಬುದನ್ನು ಹೇಳುತ್ತಾನೆ. ಮನಸ್ಸಿನಲ್ಲಿ ಕನ್ನಡಿಸಿಕೊಳ್ಳುತ್ತ ಓದುವವನು ವಾಕ್ಯದ ಕೊನೆಗೆ ಓಡಿ, ಮತ್ತೆ ಆದಿಗೆ ಹಿಂದಿರುಗಬೇಕಾಗುತ್ತದೆ. ಪ್ರತಿಯೊಂದು ವಾಕ್ಯದಲ್ಲಿಯೂ ಎರಡು ಪ್ರಯಾಣ! ಇದನ್ನು ಮೂರು ಗದ್ಯಗಳುದ್ದಕ್ಕೂ ಮಾಡಿದವನಿಗೆ ಗಂಟೆಯು ಸಾಲದಿರುವುದು ಆಶ್ಚರ್ಯವಲ್ಲ.

ಪಾಠಶಾಲೆಯಲ್ಲಿ ಕಲಿತ ನಮಗೆ ಈ ಸಂದರ್ಭದಲ್ಲಿ ಒಂದು ಮಾತು ನೆನಪಾಗುತ್ತದೆ. ಶ್ಲೋಕವನ್ನು ಕೊಟ್ಟ ಗುರುಗಳು ಮೊದಲು ಕ್ರಿಯಾಪದವನ್ನು ಹಿಡಿಯಿರೆನ್ನುವರು. ಬಳಿಕ ಯಾರು, ಏನನ್ನು, ಯಾವುದರಿಂದ, ಎಂಥವನು ಎಂದು ಒಂದೊಂದಾಗಿ ಕೇಳಿ ಅನ್ವಯವನ್ನು ಕಟ್ಟಿಸುವರು. ಕಷ್ಟದ ಇಂಗ್ಲಿಷ್ ವಾಕ್ಯಕ್ಕೂ ಇದೇ ಬೀಗದ ಕೈ. ಇನ್ನೊಂದು, ಅಮರಕೋಶ. ಒಂದು ಅರ್ಥಕ್ಕೆ ಹತ್ತು ಶಬ್ದಗಳನ್ನು ಅದು ಪೋಣಿಸಿಕೊಡುತ್ತದೆ. ಮೂರನೆಯ ಕಾಂಡದಲ್ಲಿ ಒಂದೇ ಶಬ್ದದ ನಾನಾರ್ಥಗಳನ್ನು ಸಹ ಹೇಳುತ್ತದೆ. ಈ ಪರೀಕ್ಷೆಯು ನಿಂತಿರುವುದು ಇವೆರಡರ ಮೇಲೆಯೇ. ಗದ್ಯದಲ್ಲಿ ನೀರು “ಸ್ಕೇರ್ಸ್” ಎಂದಿದ್ದರೆ ಪ್ರಶ್ನೆಯಲ್ಲಿ “ಇನ್ ಶಾರ್ಟ್ ಸಪ್ಲೈ” ಎಂದಿರುತ್ತದೆ. ಇನ್ನು ನಾನಾರ್ಥದ ಕಷ್ಟವು ದಾದಿಯರಿಗೆ ವಿಶೇಷವಾಗಿ ಕಾಡುತ್ತದೆ. “ಕಲ್ಚರ್” ಎಂದೊಡನೆ ಅವರ ಕಣ್ಣೆದುರಿಗೆ ಬರುವುದು ಪ್ರಯೋಗಶಾಲೆ, ಸಂಸ್ಕೃತಿಯಲ್ಲ. “ಥಿಯೇಟರ್” ಎಂದರೆ ಶಸ್ತ್ರಚಿಕಿತ್ಸೆಯ ಕೋಣೆ, ನಾಟಕಶಾಲೆಯಲ್ಲ. “ಪೇಷಂಟ್” ಎಂದರೆ ಹಾಸಿಗೆಯಲ್ಲಿರುವವನು, ತಾಳ್ಮೆಯುಳ್ಳವನಲ್ಲ. ದೊಡ್ಡ ಶಬ್ದಗಳಿಗಿಂತ ಸಣ್ಣವು ಹೆಚ್ಚು ಅಪಾಯಕರ. “ಅನ್‌ಲೆಸ್”, “ಆಲ್ದೋ”, “ಹಾರ್ಡ್ಲಿ” ಇವುಗಳಲ್ಲಿ ಒಂದನ್ನು ಕಾಣದೆ ಹೋದರೆ ವಾಕ್ಯವು ತಲೆಕೆಳಗಾಗುತ್ತದೆ. “ಹಾರ್ಡ್ಲಿ” ಎಂಬುದನ್ನು ಕಷ್ಟಪಟ್ಟು ಎಂದು ತಿಳಿದವರನ್ನು ನಾವು ಕಂಡಿದ್ದೇವೆ.

ಎಲ್ಲಕ್ಕಿಂತ ಮಿಗಿಲಾಗಿ ಪ್ರಾಯದವರನ್ನು ಕೆಡವುವುದು ಬೇರೊಂದು ಬಗೆಯ ಪ್ರಶ್ನೆ. ಒಂದು ಹೇಳಿಕೆಯನ್ನು ಕೊಟ್ಟು, ಗದ್ಯಕ್ಕೆ ಅದು ಸರಿಯೋ, ತಪ್ಪೋ, ಅಥವಾ ಗದ್ಯದಲ್ಲಿ ಹೇಳಿಯೇ ಇಲ್ಲವೋ ಎಂದು ಕೇಳುತ್ತಾರೆ. ನಾವೇ ಒಂದು ಉದಾಹರಣೆಯನ್ನು ಕಟ್ಟುವೆವು. ರಾತ್ರಿಪಾಳಿಯವರು ಹಗಲಿನಲ್ಲಿ ಇತರರಿಗಿಂತ ಕಡಿಮೆ ನಿದ್ರಿಸುತ್ತಾರೆಂದು ಗದ್ಯದಲ್ಲಿದೆಯೆನ್ನಿ. ರಾತ್ರಿಪಾಳಿಯವರು ಕೆಲಸದಲ್ಲಿ ಹೆಚ್ಚು ತಪ್ಪುಗಳನ್ನು ಮಾಡುತ್ತಾರೆಂಬುದು ಹೇಳಿಕೆ. ಹದಿನಾಲ್ಕು ವರ್ಷ ರಾತ್ರಿಪಾಳಿ ಮಾಡಿದವಳು ಏನೆನ್ನುವಳು? ಸರಿಯೆನ್ನುವಳು, ಅವಳ ಅನುಭವವು ಹಾಗೆ ನುಡಿಸುತ್ತದೆ. ಸ್ವಾಭಿಮಾನಿಯಾದ ಮತ್ತೊಬ್ಬಳು ತಪ್ಪೆನ್ನುವಳು. ಗದ್ಯವಾದರೋ ಆ ವಿಷಯದಲ್ಲಿ ಮೌನವಾಗಿದೆ. ಉತ್ತರವು “ಹೇಳಿಲ್ಲ” ಎಂಬುದು. ಶಾಲೆಯ ಹುಡುಗನಿಗೆ ಲೋಕಾನುಭವವಿಲ್ಲದಿರುವುದೇ ಇಲ್ಲಿ ಲಾಭ. ಬರೆದವನು ಹೇಳಿದ್ದೆಷ್ಟು, ನಾವು ಬಲ್ಲದ್ದೆಷ್ಟು ಎಂಬುದರ ನಡುವೆ ಗೆರೆಯನ್ನು ಎಳೆಯುವುದು ಬಲು ಕಷ್ಟದ ವಿದ್ಯೆ. ಇಂಥ ಐದು ಪ್ರಶ್ನೆಗಳಲ್ಲಿ ನಮಗೇ ಎರಡು ತಪ್ಪಿದವೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇವೆ. ಹೇಳದಿದ್ದುದನ್ನು ಇನ್ನೊಬ್ಬರ ಬಾಯಲ್ಲಿಡುವ ಅಭ್ಯಾಸವು ನಮ್ಮ ವೃತ್ತಿಯಲ್ಲಿ ಅಪರೂಪವಲ್ಲವಷ್ಟೆ!

ಹೀಗಿರುವಲ್ಲಿ, ಆ ದಾದಿಗೆ ತರಬೇತಿಯ ಅಂಗಡಿಯಲ್ಲಿ ಏನು ಕಲಿಸಿದರು? ಗದ್ಯವನ್ನು ಓದಲೇ ಬೇಡಿರಿ. ಪ್ರಶ್ನೆಯಲ್ಲಿಯ ಒಂದು ಶಬ್ದವನ್ನು ಹಿಡಿದು ಗದ್ಯದಲ್ಲಿ ಅದನ್ನೇ ಹುಡುಕಿರಿ. ಸಿಕ್ಕಿದ ಸಾಲನ್ನು ನಕಲು ಮಾಡಿರಿ! ಸಂಖ್ಯೆಗಳನ್ನೂ ಊರಿನ ಹೆಸರುಗಳನ್ನೂ ಹುಡುಕಲು ಇದು ಸಾಕಾದೀತು. ಆದರೆ ಪರೀಕ್ಷಕನು ಉದ್ದೇಶಪೂರ್ವಕವಾಗಿ ಬೇರೆ ಶಬ್ದಗಳನ್ನಿಟ್ಟಿರುವಲ್ಲಿ, ಅದೇ ಶಬ್ದವು ಕಂಡ ಸಾಲು ಎಷ್ಟೋ ಸಲ ಬಲೆಯೇ ಆಗಿರುತ್ತದೆ. ಓದು ಬಾರದವರಿಗೆ ಓದದಿರುವುದನ್ನೇ ಉಪಾಯವೆಂದು ಮಾರುವುದು ನಮಗೆ ಸಹ್ಯವಾಗುವುದಿಲ್ಲ.

ಕನ್ನಡದ ಪತ್ರಿಕೆಯೊಂದು ಇಂಗ್ಲಿಷಿನ ಪರೀಕ್ಷೆಗೆ ಇಷ್ಟು ಕಾಲಮುಗಳನ್ನು ವ್ಯಯಿಸುವುದೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಬಿ. ಎಂ. ಶ್ರೀಕಂಠಯ್ಯನವರೂ ವಿ. ಕೃ. ಗೋಕಾಕರೂ ಇಂಗ್ಲಿಷಿನ ಅಧ್ಯಾಪಕರೇ ಆಗಿದ್ದರೆಂಬುದನ್ನು ಅವರಿಗೆ ನೆನಪು ಮಾಡುವೆವು. ನಾವು ಇಂಗ್ಲಿಷಿನ ಪೂಜಾರಿಗಳಲ್ಲ. ಪರರ ನುಡಿ ಬಾರದೆಂದು ನಮ್ಮ ಹೆಣ್ಣುಮಕ್ಕಳು ತಲೆ ತಗ್ಗಿಸುವುದನ್ನು ಮಾತ್ರ ಒಪ್ಪಲಾರೆವು. ಮೇಲಾಗಿ, ಕನ್ನಡದಲ್ಲಿ ಒಂದು ಅಗ್ರಲೇಖನವನ್ನು ಓದಿ ಅದರ ಸಾರವನ್ನು ಮೂರು ವಾಕ್ಯಗಳಲ್ಲಿ ಹೇಳಲಾರದವರು ಇಂಗ್ಲಿಷಿನಲ್ಲಿ ಅದನ್ನು ಮಾಡಲಾರರು. ಆ ದಾದಿಯನ್ನು ಮೊದಲು ನಮ್ಮ ಪತ್ರಿಕೆಯಿಂದಲೇ ಪರೀಕ್ಷಿಸಿದೆವು. ಲೇಖನದಲ್ಲಿಲ್ಲದ ಎರಡು ಸಂಗತಿಗಳನ್ನು ಸೇರಿಸಿ ಹೇಳಿದರು! ಎರಡೂ ನಿಜವಾದ ಸಂಗತಿಗಳೇ, ಆದರೆ ನಾವು ಬರೆದವಲ್ಲ.

ನಾವು ಅವರಿಗೆ ಸೂಚಿಸಿದ ಕ್ರಮವು ದೊಡ್ಡದೇನೂ ಅಲ್ಲ. ದಿನಕ್ಕೊಂದು ಇಂಗ್ಲಿಷ್ ಲೇಖನ. ಮೊದಲ ಸಲ ನಿಘಂಟನ್ನು ಮುಟ್ಟದೆ ಕೊನೆಯವರೆಗೆ ಓದಬೇಕು, ತಿಳಿಯದ ಶಬ್ದವನ್ನು ದಾಟಿ ಮುಂದುವರಿಯಬೇಕು. ಬಳಿಕ ಪ್ರತಿಯೊಂದು ಪರಿಚ್ಛೇದಕ್ಕೂ ಕನ್ನಡದಲ್ಲಿ ಒಂದು ಸಾಲಿನ ತಲೆಬರಹ. ಆಮೇಲೆ ನಿಘಂಟು, ಅದೂ ಐದಾರು ಶಬ್ದಗಳಿಗೆ ಮಾತ್ರ. ಎರಡು ತಿಂಗಳು ಗಡಿಯಾರವನ್ನು ನೋಡಲೇಬಾರದು. ಮೂರನೆಯ ತಿಂಗಳಲ್ಲಿ ಅದನ್ನು ಎದುರಿಗಿಟ್ಟುಕೊಂಡು ಪರೀಕ್ಷೆಯ ಪತ್ರಿಕೆಗಳನ್ನು ಬಿಡಿಸಬೇಕು. ತಪ್ಪು ಉತ್ತರಗಳಿಗೆ ಅಂಕಗಳನ್ನು ಕಳೆಯುವುದಿಲ್ಲವಾದುದರಿಂದ ಯಾವುದನ್ನೂ ಬರಿದಾಗಿ ಬಿಡತಕ್ಕದ್ದಲ್ಲ. ಎರಡು ಶಬ್ದಗಳಿಗೆ ಮೀರದಂತೆ ಬರೆಯಿರೆಂದಲ್ಲಿ ಮೂರು ಬರೆದರೆ, ಉತ್ತರವು ಸರಿಯಿದ್ದರೂ ತಪ್ಪೇ.

ಇಷ್ಟಕ್ಕೆಲ್ಲ ಬೇಕಾಗಿರುವುದು ಒಂದು ಶಾಂತವಾದ ಸ್ಥಳ, ಒಂದು ಮೇಜು, ಓದಲಿಕ್ಕೆ ಸಾಮಗ್ರಿ. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು 1965ರಲ್ಲಿ ಆಯಿತು. ಮನೆಗಂದಾಯದೊಡನೆ ಗ್ರಂಥಾಲಯ ಕರವನ್ನೂ ನಾಗರಿಕರು ತೆರುತ್ತಿದ್ದಾರೆ. ದುಡಿಯುವವರು ಮನೆಗೆ ಮರಳುವ ಹೊತ್ತಿಗೆ ಬಾಗಿಲು ಮುಚ್ಚುವ ಗ್ರಂಥಾಲಯವು ಅವರ ಪಾಲಿಗೆ ಇಲ್ಲದಂತೆಯೇ ಸರಿ. ತಾಲೂಕಿಗೊಂದಾದರೂ ಗ್ರಂಥಾಲಯವನ್ನು ರಾತ್ರಿ ಒಂಬತ್ತರವರೆಗೆ ತೆರೆದಿಟ್ಟು, ವಯಸ್ಕರಿಗೆಂದು ಒಂದು ಮೇಜನ್ನು ಕಾಯ್ದಿರಿಸಬೇಕೆಂದು ಅಧಿಕಾರಿಗಳನ್ನು ಒತ್ತಾಯಪಡಿಸುತ್ತೇವೆ. ದಾದಿಯರನ್ನು ನೇಮಿಸಿಕೊಂಡ ಆಸ್ಪತ್ರೆಗಳವರು, ಕಲಿತರೆ ಬಿಟ್ಟುಹೋಗುವರೆಂಬ ಭಯದಿಂದ ಪಾಳಿಯನ್ನು ಹೊಂದಿಸಿಕೊಡದಿರುವುದೂ ನ್ಯಾಯವಲ್ಲ.

ಅಲ್ಲಿಯವರೆಗೆ ನಮ್ಮ ಕೈಲಾದುದನ್ನು ಮಾಡುವೆವು. ಬರುವ ಸೋಮವಾರದಿಂದ ನಮ್ಮ ಕಾರ್ಯಾಲಯದ ಮುಂಭಾಗದ ಕೋಣೆಯು ಸಾಯಂಕಾಲ 6ರಿಂದ 9 ಗಂಟೆಯವರೆಗೆ ತೆರೆದಿರುವುದು. ಮೂರು ಇಂಗ್ಲಿಷ್ ದೈನಿಕಗಳ ಹಿಂದಿನ ಆರು ತಿಂಗಳ ಸಂಚಿಕೆಗಳು, ಎರಡು ನಿಘಂಟುಗಳು, ಹನ್ನೆರಡು ಕುರ್ಚಿಗಳು ಅಲ್ಲಿವೆ. ಶುಲ್ಕವಿಲ್ಲ. ಗೋಡೆಯ ಮೇಲಿನ ಗಡಿಯಾರವು ಎರಡು ನಿಮಿಷ ಮುಂದಿದೆ. ಬರುವವರು ಅದನ್ನು ತಿದ್ದಬಾರದೆಂದು ಕೋರುತ್ತೇವೆ.