ದೊಡ್ಡಪತ್ರೆಗೂ ಸೀಸೆಯ ಯೋಗ ಬರಬೇಕೆ?

ಮಹಾನಗರಗಳ ದೊಡ್ಡ ಅಂಗಡಿಗಳಲ್ಲಿ ಈಗ ‘ಸೇಜ್’ ಎಂಬ ಒಣಗಿದ ಎಲೆ ಪುಟ್ಟ ಗಾಜಿನ ಸೀಸೆಗಳಲ್ಲಿ ಸಿಗುತ್ತದೆ. ನಮ್ಮವರೂ ಕೊಳ್ಳುತ್ತಾರೆ. ಕೊಳ್ಳಲಿ, ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅದೇ ತುಳಸಿಯ ಕುಟುಂಬಕ್ಕೆ ಸೇರಿದ ದೊಡ್ಡಪತ್ರೆ ಕಿಟಕಿಯ ಕುಂಡದಲ್ಲಿ ಹಸಿರಾಗಿ ನಿಂತಿರುವಾಗ, ‘ಅದೇನೋ ಹಳ್ಳಿಯವರ ಸೊಪ್ಪು’ ಎಂದು ಮೂಗು ಮುರಿಯುವುದನ್ನು ಕಂಡು ಸುಮ್ಮನಿರುವುದು ನಮ್ಮಿಂದಾಗದು.

ಸೇಜ್ ಗೌರವಕ್ಕೆ ಅರ್ಹವಾದ ಗಿಡವೇ. ಮೆಡಿಟರೇನಿಯನ್ ಸಮುದ್ರದ ಸುತ್ತಣ ನಾಡುಗಳದು. 1753ರಲ್ಲಿ ಲಿನೇಯಸ್ ಅದಕ್ಕೆ ‘ಸಾಲ್ವಿಯ ಅಫಿಸಿನಾಲಿಸ್’ ಎಂದು ಶಾಸ್ತ್ರೀಯ ಹೆಸರು ಕೊಟ್ಟ. ‘ಸಾಲ್ವಿಯ’ದ ಮೂಲ ಕಾಪಾಡುವುದು, ಆರೋಗ್ಯ ಎಂಬ ಅರ್ಥದ ಲ್ಯಾಟಿನ್ ಮಾತು. ಇಟಲಿಯವರು ಅದನ್ನು ಬೆಣ್ಣೆಯಲ್ಲಿ ಹುರಿದು ಉಣ್ಣುತ್ತಾರೆ. ಇಂಗ್ಲಿಷರು ಈರುಳ್ಳಿಯೊಡನೆ ಬೆರೆಸಿ ಕೋಳಿಯೊಳಗೆ ತುಂಬುತ್ತಾರೆ. ಜರ್ಮನರು ಗಂಟಲು ಕೆಟ್ಟಾಗ ಅದರ ಕಷಾಯದಿಂದ ಬಾಯಿ ಮುಕ್ಕಳಿಸುತ್ತಾರೆ. ಜೊತೆಗೆ ಅದರ ಮಿತಿಯನ್ನೂ ಬಲ್ಲರು: ಅದರಲ್ಲಿರುವ ಥುಜೋನ್ ಎಂಬ ಅಂಶ ಅತಿಯಾದರೆ ಫಿಟ್ಸ್ ಬರಬಹುದು, ಆದ್ದರಿಂದ ಅದರ ಎಣ್ಣೆಯನ್ನು ಕುಡಿಯಬಾರದು. ಅಲ್ಲಿ ಎಲೆ ಮೊದಲು ಅಡುಗೆಮನೆಯಲ್ಲಿ ಬಾಳಿತು, ಸೀಸೆ ಆಮೇಲೆ ಬಂತು. ಮನೆಯವರು ಕೈಬಿಡದೆ ಇದ್ದುದರಿಂದಲೇ ಅದಕ್ಕೆ ಈ ಮರ್ಯಾದೆ.

ನಮ್ಮಲ್ಲಿ ದೊಡ್ಡಪತ್ರೆಯ ಗತಿಯೇನು? ಹತ್ತು ಹನ್ನೆರಡು ಎಲೆಗಳನ್ನು ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ ಉಪ್ಪು ಬೆರೆಸಿ, ಸಾಸಿವೆ ಒಣಮೆಣಸಿನ ಒಗ್ಗರಣೆ ಕೊಟ್ಟರೆ ತಂಬುಳಿ ಸಿದ್ಧ. ಕುದಿಸುವಂತಿಲ್ಲ, ಕಾಯುವಂತಿಲ್ಲ. ಬಿಸಿ ಅನ್ನಕ್ಕೆ ಕಲಸಿಕೊಂಡು ಉಂಡವರಿಗೆ ಅದರ ಬೆಲೆ ಗೊತ್ತು. ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬಜ್ಜಿ. ಮೈಮೇಲೆ ಪಿತ್ತದ ಗಂಧೆ ಎದ್ದರೆ ಎಲೆ ಉಜ್ಜುವುದು, ಮಕ್ಕಳಿಗೆ ಶೀತವಾದರೆ ಬಾಡಿಸಿ ಹಿಂಡಿದ ರಸಕ್ಕೆ ಜೇನು ಸೇರಿಸಿ ನೆಕ್ಕಿಸುವುದು ನಮ್ಮ ಅಜ್ಜಿಯರ ರೂಢಿ.

ಇದು ನಮ್ಮ ಸ್ವತ್ತೆಂಬ ಜಂಭ ಬೇಡ. ಈ ಗಿಡದ ಶಾಸ್ತ್ರೀಯ ಹೆಸರಿನಲ್ಲಿಯೇ ಇಂಡೋನೇಷ್ಯದ ಅಂಬೋನ್ ದ್ವೀಪವಿದೆ. ಆಫ್ರಿಕದಲ್ಲಿಯೂ ಅದು ಬೆಳೆಯುತ್ತದೆ. ನಾವು ಹೇಳುತ್ತಿರುವುದು ಹಕ್ಕಿನ ಮಾತಲ್ಲ, ಬಳಕೆಯ ಮಾತು. ಬಳಕೆ ತಪ್ಪಿದರೆ ಮೊದಲು ಹೋಗುವುದು ಹೆಸರು. ಮುಂಬಯಿ, ಪುಣೆಗಳಲ್ಲಿ ನಮ್ಮ ಮಕ್ಕಳು ಇದನ್ನು ‘ಓವ್ಯಾಚೆ ಪಾನ್’ ಎನ್ನುತ್ತಾರೆ, ಮದರಾಸಿನಲ್ಲಿ ‘ಕರ್ಪೂರವಳ್ಳಿ’, ಹೈದರಾಬಾದಿನಲ್ಲಿ ‘ವಾಮು ಆಕು’. ನೆರೆಯ ಭಾಷೆಯ ಹೆಸರು ಕಲಿತದ್ದು ಒಳ್ಳೆಯದೇ. ಆದರೆ ಓಮದ ಕಾಳು ಕೊಡುವ ಗಿಡವೇ ಬೇರೆ, ವಾಸನೆ ಮಾತ್ರ ಹತ್ತಿರ. ‘ದೊಡ್ಡಪತ್ರೆ’ ಎಂಬ ಮಾತಿನೊಡನೆ ತಂಬುಳಿಯೂ ಮರೆತುಹೋಗುವುದು ನಮ್ಮ ದುಃಖ.

ಹೆಸರು ಮರೆತರೆ ಅಪಾಯವೂ ಉಂಟು. ಹಿಂದಿಯಲ್ಲಿ ಇದಕ್ಕೆ ‘ಪತ್ಥರ್‌ಚೂರ್’ ಎಂಬ ಹೆಸರಿದೆ. ನಾವು ಕಾಡುಬಸಳೆ ಎನ್ನುವ ಗಿಡಕ್ಕೆ ‘ಪತ್ಥರ್‌ಚಟ್ಟಾ’ ಎನ್ನುತ್ತಾರೆ. ಎರಡೂ ದಪ್ಪ ಎಲೆಯವೇ. ಕಾಡುಬಸಳೆಯ ಜಾತಿಯ ಗಿಡಗಳಲ್ಲಿ ಹೃದಯಕ್ಕೆ ತಾಗುವ ವಿಷಾಂಶಗಳಿವೆ, ಅವನ್ನು ಮೇಯ್ದು ದನಗಳು ಸತ್ತದ್ದುಂಟು. ಕೇಳಿದ್ದನ್ನು ನಂಬಿ ಒಂದರ ಬದಲು ಇನ್ನೊಂದನ್ನು ದಿನವೂ ಅರೆದು ಕುಡಿದರೆ ಹೊಣೆ ಯಾರದು? ದೊಡ್ಡಪತ್ರೆಯನ್ನು ಮುರಿದು ಮೂಸಿದರೆ ಓಮದ ಘಾಟು ಬರುತ್ತದೆ, ಕಾಡುಬಸಳೆಗೆ ಆ ಘಾಟಿಲ್ಲ. ಇಷ್ಟನ್ನು ಅಡುಗೆಮನೆಯಲ್ಲಿ ಬೆಳೆದ ಮಗುವೂ ಹೇಳಬಲ್ಲುದು.

ಇನ್ನೊಂದು ಪಂಗಡದವರಿಗೂ ನಮ್ಮ ಮಾತು ಹಿಡಿಸದು. ಸಿಹಿಮೂತ್ರದಿಂದ ಮೂತ್ರಪಿಂಡದ ಕಲ್ಲಿನವರೆಗೆ ಎಲ್ಲಕ್ಕೂ ಈ ಎಲೆಯೇ ಮದ್ದು ಎಂದು ಸಾರುವವರು ಇವರು. ಎಲೆಯಲ್ಲಿ ಕಾರ್ವಕ್ರೋಲ್, ಥೈಮೋಲ್ ಎಂಬ ತೈಲಾಂಶಗಳಿರುವುದು ನಿಜ. ಪ್ರಯೋಗಶಾಲೆಯ ತಟ್ಟೆಯಲ್ಲಿ ಅವು ರೋಗಾಣುಗಳನ್ನು ತಡೆಯುವುದೂ ನಿಜ. ಆದರೆ ಗಾಜಿನ ತಟ್ಟೆ ಮನುಷ್ಯನ ದೇಹವಲ್ಲ. ಮಗುವಿಗೆ ಜ್ವರ ಏರಿದರೆ, ಉಸಿರು ಕಟ್ಟಿದರೆ ವೈದ್ಯರಲ್ಲಿಗೆ ಓಡಬೇಕು. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು. ಅಜ್ಜಿಯ ಮೇಲಿನ ಗೌರವಕ್ಕೆ ಈ ಎಚ್ಚರದಿಂದ ಕುಂದು ಬಾರದು.

‘ಫ್ಲಾಟಿನಲ್ಲಿ ಜಾಗವೆಲ್ಲಿ?’ ಎನ್ನುವವರಿಗೆ ಉತ್ತರ ಸುಲಭ. ನಾಲ್ಕೈದು ಅಂಗುಲದ ಒಂದು ಕಡ್ಡಿ ಮುರಿದು ಮಣ್ಣಿಗೆ ಊರಿದರೆ ಸಾಕು, ಬೀಜ ಬೇಡ, ಗೊಬ್ಬರದ ರಗಳೆ ಇಲ್ಲ. ನೀರು ಕಡಿಮೆಯಾದರೆ ತಡೆದುಕೊಳ್ಳುತ್ತದೆ, ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ‘ಸಮಯವೆಲ್ಲಿ?’ ಎನ್ನುವವರು ಸೀಸೆ ಕೊಳ್ಳಲು ಅಂಗಡಿಯಲ್ಲಿ ಸರದಿ ನಿಲ್ಲುವ ಹೊತ್ತಿನಲ್ಲಿ ತಂಬುಳಿ ಮಾಡಿ ಮುಗಿಸಬಹುದು.

ಕನ್ನಡ ಸಂಘಗಳಿಗೆ ನಮ್ಮ ಸೂಚನೆ ಇಷ್ಟೆ. ರಾಜ್ಯೋತ್ಸವದ ಊಟದಲ್ಲಿ ಬಿಸಿಬೇಳೆಭಾತಿನ ಪಕ್ಕದಲ್ಲಿ ಒಂದು ಲೋಟ ತಂಬುಳಿಯೂ ಇರಲಿ. ಗಿಡವಿರುವ ಸದಸ್ಯರು ಮುಂದಿನ ಸಭೆಗೆ ಹತ್ತು ಕಡ್ಡಿ ತರಲಿ, ಇಲ್ಲದವರು ಒಯ್ಯಲಿ, ಒಯ್ಯುವಾಗ ಮಕ್ಕಳ ಕೈಯಲ್ಲಿ ಹಿಡಿಸಿ ಹೆಸರು ಹೇಳಿಸಲಿ. ಭಾಷೆ ಉಳಿಯಬೇಕೆಂದು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತನಾಡುವವರು, ಮನೆಯ ಕುಂಡದಲ್ಲಿ ಒಂದು ಕನ್ನಡ ಮಾತನ್ನಾದರೂ ಊರಬಾರದೆ?