ತಿದ್ದಿದ ಮಾತ್ರಕ್ಕೆ ಕಲಿಸಿದಂತಾಯಿತೇ?

ದೊಡ್ಡನೆಕ್ಕುಂದಿಯ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಯುವ ಎಂಜಿನಿಯರೊಬ್ಬರು ಮೊನ್ನೆ ತಮ್ಮ ಮಿಂಚಂಚೆಯೊಂದನ್ನು ತೋರಿಸಿದರು. ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂಬಲ್ಲಿನ ‘ಹ್ಯಾವ್’ ಅನ್ನು ಅಂತರ್ಜಾಲದ ವ್ಯಾಕರಣ ತಂತ್ರಾಂಶವು ಅಳಿಸಿತ್ತು. “ಏಕೆ ಮೇಷ್ಟ್ರೇ?” ಎಂದರು.

ತಪ್ಪಿನ ಬೇರು ಕನ್ನಡದಲ್ಲಿದೆ. ‘ನಿನ್ನೆ ಕಳುಹಿಸಿದ್ದೇನೆ’ ಎಂಬುದು ನಮ್ಮಲ್ಲಿ ಸಾಧು. ಇಂಗ್ಲಿಷಿನ ಆ ಕ್ರಿಯಾರೂಪವಾದರೋ ‘ನಿನ್ನೆ’ಯೆಂಬ ಮುಗಿದ ಕಾಲವನ್ನು ಸಹಿಸದು. ‘ಎಂದು’ ಎಂಬ ಪದವೇ ಉದ್ಧರಣ ಚಿಹ್ನೆಯ ಕೆಲಸ ಮಾಡುವ ಭಾಷೆಯವರಿಗೆ ಆ ಚಿಹ್ನೆಯ ಅಗತ್ಯವನ್ನೂ ಬಿಡಿಸಿ ಹೇಳಬೇಕು. ಬರಿದೆ ಅಳಿಸುವ ಯಂತ್ರ ಇದನ್ನು ಹೇಳೀತೇ?

ಯಂತ್ರವನ್ನಷ್ಟೇ ದೂರಲಾರೆ. ರೆನ್ ಮತ್ತು ಮಾರ್ಟಿನ್ನರ ನಿಯಮಗಳನ್ನು ಬಾಯಿಪಾಠ ಮಾಡಿಸಿದ ನಾನೂ ಕನ್ನಡದೊಡನೆ ಹೋಲಿಸಿ ಕಲಿಸಲಿಲ್ಲ. ನಿವೃತ್ತ ಶಿಕ್ಷಕಮಿತ್ರರೇ, ಅಂತರ್ಜಾಲದಲ್ಲಿ ಕನ್ನಡದ ಮೂಲಕವೇ ಇಂಗ್ಲಿಷ್ ವ್ಯಾಕರಣವನ್ನು ವಿವರಿಸುವ ಹೊಣೆ ನಮ್ಮದು. ಇಲ್ಲವಾದರೆ ನಮ್ಮ ಮಕ್ಕಳು ಜೀವಮಾನವಿಡೀ ತಿದ್ದಿಸಿಕೊಳ್ಳುತ್ತಲೇ ಇರುತ್ತಾರೆ, ಕಲಿಯುವುದಿಲ್ಲ.